ಆರನೇ ಮಂಚದ ಕೆಳಗಿನ ಕಾಯಿ ಚೀಲ

ನಗಬಾರದ ಜಾಗದಲ್ಲೇ ನಗು ತರಿಸುವ ಸಂಗತಿಗಳು ಹೆಚ್ಚು ನಡೆಯುತ್ತವೆ. ನಮ್ಮ ವಾರ್ಡಿನಲ್ಲಂತೂ ವಾರಕ್ಕೊಂದಾದರೂ ನಡೆಯುತ್ತದೆ. ಆಗ ನಾವು ಬೆಡ್‌ಶೀಟ್ ಇಡುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ನಕ್ಕು, ಮುಖ ಒರೆಸಿಕೊಂಡು ಬರುತ್ತೇವೆ.

ನಾನು ತಿಪಟೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ದೊಡ್ಡ ಊರಿನ ಐಸಿಯುಗಳಲ್ಲಿ ಜೀವ ಉಳಿಸಿಕೊಂಡು, ಗಂಟಲಿಗೊಂದು ಮೂಗಿಗೊಂದು ನಳಿಕೆ ಹಾಕಿಸಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ಉಳಿದ ಜೀವಕ್ಕೆ ಕೂರುವುದು, ನುಂಗುವುದು, ನಿಲ್ಲುವುದು ಮತ್ತೆ ಕಲಿಸುವುದು ನಮ್ಮ ಕೆಲಸ. ಹಳ್ಳಿಯವರು ನನ್ನನ್ನು ‘ಕೈಕಾಲು ಮೇಡಮ್ಮ’ ಅನ್ನುತ್ತಾರೆ. ನನ್ನ ಬಾಯಿ ಸ್ವಲ್ಪ ಜೋರು. ಬಹಳ ವರ್ಷ ಅದನ್ನು ಶಿಸ್ತು ಅಂದುಕೊಂಡಿದ್ದೆ. ಈಗ ಅಂದುಕೊಳ್ಳುವುದಿಲ್ಲ.

ಲೆಕ್ಕಕ್ಕಿಲ್ಲದ ಎಳನೀರು

ಲಕ್ವ ಹೊಡೆದ ಒಬ್ಬ ಅಜ್ಜಿಗೆ ನುಂಗುವುದು ಮರೆತು ಹೋಗಿತ್ತು. ಬಾಯಿಗೆ ಏನು ಹಾಕಿದರೂ ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತಿತ್ತು. ಅದಕ್ಕೇ ಮೂಗಿನ ನಳಿಕೆಯಲ್ಲಿ ಊಟ. ಮಂಚಕ್ಕೆ ನಾನೇ ಒಂದು ಬೋರ್ಡ್ ಬರೆದು ತೂಗುಹಾಕಿದ್ದೆ: ‘ಬಾಯಿಗೆ ಏನೂ ಕೊಡಬಾರದು.’

ಎರಡು ದಿನ ಕಳೆದು ನೋಡಿದರೆ ಅಜ್ಜಿಯ ಎದೆಯಲ್ಲಿ ಗೊರಗೊರ. ಮಗನನ್ನು ಕರೆದು ಕೇಳಿದೆ.

“ಬಾಯಿಗೆ ಏನು ಕೊಟ್ರಿ?”

“ಏನೂ ಇಲ್ಲ ಮೇಡಂ. ಬೋರ್ಡ್ ಹಾಕಿದ್ದೀರಲ್ಲ.”

“ನೀರು?”

“ಒಂದು ತೊಟ್ಟೂ ಇಲ್ಲ.”

“ಗಂಜಿ? ಕಾಫಿ?”

“ಆಣೆಗೂ ಇಲ್ಲ. ಬೆಳಗ್ಗೆ ಬಾಯಿ ಒಣಗೈತೆ ಅಂತ ಒಂದ್ನಾಲ್ಕು ಗುಟುಕು ಎಳನೀರು ಬಿಟ್ವಿ, ಅಷ್ಟೇ.”

“ಎಳನೀರು ಏನೂ ಅಲ್ವೇನ್ರೀ?”

ಆತ ನಿಜವಾಗಿಯೂ ಆಶ್ಚರ್ಯಪಟ್ಟ. “ಅದ್ಯಾವ ಲೆಕ್ಕ ಮೇಡಂ? ಕೊಂಡ್ಕೊಂಡು ಬಂದಿದ್ದಲ್ಲ. ನಮ್ ತೋಟದ್ದೇ.”

ಅಜ್ಜಿಗೆ ಕಫ ಕಟ್ಟಿ, ಜ್ವರ ಬಂದು, ಹತ್ತು ದಿನ ಹಿಂದಕ್ಕೆ ಬಿತ್ತು. ಮಗನಿಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ಯೋಚಿಸಿದರೆ ತಪ್ಪು ನನ್ನದೂ ಇತ್ತು. ನಾನು ಹುಟ್ಟಿದ್ದು ಪಕ್ಕದ ತುರುವೇಕೆರೆಯಲ್ಲೇ. ನಮ್ಮಲ್ಲಿ ಎಳನೀರು ಊಟವೂ ಅಲ್ಲ, ನೀರೂ ಅಲ್ಲ, ಬಂದವರಿಗೆ ಮಾಡುವ ಮರ್ಯಾದೆ ಎಂದು ನನಗೆ ಗೊತ್ತಿರಬೇಕಿತ್ತು. ಬೋರ್ಡಿನಲ್ಲಿ ಇನ್ನೊಂದು ಸಾಲು ಸೇರಿಸಿದೆ: ‘ಎಳನೀರನ್ನೂ ಕೊಡಬಾರದು.’ ಸಂಜೆ ಅಜ್ಜಿಯ ಮಗಳು ಅದನ್ನು ಓದಿ, ಇದು ಅಂಗಡಿಯ ಎಳನೀರಿಗೆ ಮಾತ್ರವೇ ಎಂದು ಕೇಳಿದಳು. ಮೂರನೆಯ ಸಾಲನ್ನೂ ಬರೆದೆ. ಬೋರ್ಡ್ ಇವತ್ತಿಗೂ ನಮ್ಮಲ್ಲಿದೆ. ‘ನಿಮ್ಮ ತೋಟದ್ದಾದರೂ.’

ಪಕ್ಕದ ಮಂಚ

ಕಾಯಿ ಕೀಳುವವನೊಬ್ಬ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಬಂದಿದ್ದ. ಹದಿನೈದು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದ, ಯಾರ ಜೊತೆಯೂ ಮಾತಿಲ್ಲ. ಗಾಲಿಕುರ್ಚಿಯಲ್ಲಿ ಕೂರಿಸಿ ಕಿಟಕಿಯ ಹತ್ತಿರ ತಂದು ಬಿಡುತ್ತಿದ್ದೆ, ಅಲ್ಲೂ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ. ಕಿಟಕಿಯಾಚೆ ಆಸ್ಪತ್ರೆಯ ನಾಲ್ಕು ತೆಂಗಿನಮರ ಇವೆ. ಅವನ್ನು ಅವನಿಗೆ ತೋರಿಸಬಾರದು ಅನ್ನುವ ಬುದ್ಧಿಯೂ ನನಗೆ ಹೊಳೆದಿರಲಿಲ್ಲ.

ಒಂದು ಬೆಳಗ್ಗೆ ಯಾರೋ ಆ ಮರಗಳ ಕಾಯಿ ಇಳಿಸಲು ಬಂದರು. ಇವನು ಕಣ್ಣು ಬಿಟ್ಟು, ಕತ್ತು ಚಾಚಿ, ಅರ್ಧ ಗಂಟೆ ನೋಡಿದ. ನಾನು ದಾಟಿ ಹೋಗುವಾಗ ಮೊದಲ ಸಲ ತಾನಾಗಿ ಕರೆದ.

“ಮೇಡಮ್ಮ, ಪಕ್ಕದ ಮಂಚ ಖಾಲಿ ಐತಾ?”

“ಇದೆ. ಯಾಕೆ?”

“ಹಂಗೇ ಮಡಗಿರಿ. ಅವ್ನು ಒಣಗಿದ ಗರಿ ಹಿಡ್ಕಂಡು ಹತ್ತುತಾವ್ನೆ.”

ಮಾತಾಡಿಸಲು ಬಂದ ಅಣ್ಣ

ಇನ್ನು ಹೇಳುವುದೆಲ್ಲ ಆರನೇ ಮಂಚದ್ದು. ಆ ಮಂಚಕ್ಕೆ ಬಂದವರು ಹಾಲ್ಕುರಿಕೆ ಕಡೆಯ ಒಬ್ಬ ಯಜಮಾನರು, ಅರವತ್ತರ ಆಸುಪಾಸು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೇಗೆಂದರೆ, ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಬಿಡಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹೇಳಬೇಕು. ಆಗಿದ್ದರೆ ಗಡಗಡ ಅನ್ನುತ್ತದೆ, ನೀರಿದ್ದರೆ ಕುಲುಕುತ್ತದೆ. ಇವೆರಡರ ನಡುವೆ ಇನ್ನೂ ಹತ್ತು ಬಗೆಯ ಸದ್ದು ಇವೆಯಂತೆ. ಅದರಲ್ಲಿ ಈ ಯಜಮಾನರದ್ದು ಸುತ್ತ ಹಳ್ಳಿಯಲ್ಲೇ ಹೆಸರಾದ ಕಿವಿ. ಕಾಯಿ ನೋಡಲು ಅಟ್ಟಕ್ಕೆ ಹತ್ತಿದ್ದಾಗಲೇ ಏಣಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತು. ಆಪರೇಷನ್ ಆಗಿ, ಗಂಟಲಿಗೆ ತೂತು ಮಾಡಿ ಉಸಿರಿನ ನಳಿಕೆ ಹಾಕಿಸಿಕೊಂಡು ಬಂದಿದ್ದರು. ಕಣ್ಣು ಬಿಡುತ್ತಿದ್ದರು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಬಲಗಡೆಯ ಕೈಕಾಲು ಬಿದ್ದುಹೋಗಿದ್ದವು.

ನಮ್ಮಲ್ಲೊಂದು ಫಾರಂ ಇದೆ. ‘ಕಣ್ಣು ಮುಚ್ಚಿ’, ‘ಬೆರಳು ಎತ್ತಿ’ ಎಂದು ಹೇಳಿದಾಗ ರೋಗಿ ಮಾಡುತ್ತಾರೋ ಇಲ್ಲವೋ ಎಂದು ವಾರವಾರವೂ ನಾನು ಬರೆಯಬೇಕು. ಎಂಟು ವಾರವೂ ‘ಇಲ್ಲ’ ಎಂದೇ ಬಂದರೆ ಮಂಚ ಕಾಯುತ್ತಿರುವ ಇನ್ನೊಬ್ಬರಿಗೆ. ಇವರನ್ನು ಮನೆಗೆ ಕಳಿಸಬೇಕು. ಮನೆಗೆ ಕಳಿಸಿದ ಮೇಲೆ ಇಂಥವರಿಗೆ ಮತ್ತೆ ಏನನ್ನಾದರೂ ಕಲಿಸುವವರು ಯಾರೂ ಇರುವುದಿಲ್ಲ.

ಎರಡನೆಯ ವಾರ ಅವರ ಅಣ್ಣ ಬಂದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ. ತಮ್ಮನ ಪಕ್ಕದಲ್ಲಿ ಅರ್ಧ ಗಂಟೆ ಕೂತು, ಎದ್ದು ನನ್ನ ಹತ್ತಿರ ದೂರು ತಂದರು.

“ನೋಡಮ್ಮ, ಬಸ್ ಹಿಡ್ಕಂಡು ಮಾತಾಡಿಸೋಣ ಅಂತ ಬಂದಿವ್ನಿ. ಒಂದು ಹೂಂ ಅನ್ನಲಿಲ್ಲ ಅವ್ನು.”

ಉಸಿರು ಗಂಟಲ ನಳಿಕೆಯಲ್ಲೇ ಹೊರಗೆ ಹೋಗುವುದರಿಂದ ಎಚ್ಚರ ಇದ್ದರೂ ದನಿ ಬರುವುದಿಲ್ಲ, ಜೊತೆಗೆ ಮೆದುಳಿಗೂ ಪೆಟ್ಟಾಗಿದೆ ಎಂದು ಬಿಡಿಸಿ ಹೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ಅದೆಲ್ಲ ಸರಿ. ಆದ್ರೆ ಅವ್ನು ಚೆನ್ನಾಗಿದ್ದಾಗ್ಲೇ ಆರು ತಿಂಗಳಿಂದ ನನ್ ತಾವ ಮಾತಾಡ್ತಿರ್ಲಿಲ್ಲ. ಅಟ್ಟದ ಕಾಯಿ ಆಗೈತೆ ಅಂತ ನಾನಂದೆ, ಆಗಿಲ್ಲ ಅಂತ ಅವ್ನು. ನಾನ್ ಇಳಿಸೇಬಿಟ್ಟೆ. ಅದೇ ಸಿಟ್ಟು.”

“ಕಾಯಿ ಆಗಿತ್ತಾ?”

ಅವರು ಪಂಚೆಯ ಅಂಚು ಸರಿಮಾಡಿಕೊಂಡರು. “ಅದಿರ್ಲಿ. ಈ ಆಪರೇಷನ್ ಮಾಡೋವಾಗ ಆ ಸಿಟ್ಟನ್ನೂ ತೆಗೆದಿದ್ರೆ ಚೆನ್ನಾಗಿತ್ತು.”

ಅಟ್ಟದ ಕಾಯಿ ಮುಟ್ಟಬಾರದು

ರೋಗಿಯನ್ನು ಹಲಗೆಗೆ ಪಟ್ಟಿ ಹಾಕಿ ಕಟ್ಟಿ, ಹಲಗೆಯನ್ನೇ ಮೆಲ್ಲಗೆ ಎತ್ತಿ ನಿಲ್ಲಿಸುವ ಒಂದು ಯಂತ್ರ ನಮ್ಮಲ್ಲಿದೆ. ನಿಂತರೆ ಮೆದುಳಿಗೂ ಎಚ್ಚರ, ಮೂಳೆಗೂ ಒಳ್ಳೆಯದು. ಅದನ್ನು ತಳ್ಳಿಕೊಂಡು ಬಂದಾಗ ಅಣ್ಣ ಅಡ್ಡ ನಿಂತರು.

“ಅಲ್ಲಾಡಿಸಬೇಡಿ ಮೇಡಮ್ಮ. ಅಟ್ಟಕ್ಕೆ ಹಾಕಿದ ಕಾಯಿನ ವರ್ಷ ತುಂಬೋತನಕ ಮುಟ್ಟಬಾರ್ದು. ಅದರ ಪಾಡಿಗೆ ಬುಟ್ರೆ ಒಳಗೆ ತಾನೇ ಸರಿಯಾಯ್ತದೆ.”

“ಇದು ಕೊಬ್ಬರಿ ಅಲ್ಲ, ತಲೆ.”

“ತಲೆಗೂ ಚಿಪ್ಪೈತಲ್ಲಮ್ಮ.”

“ನೋಡಿ, ಹೀಗೇ ಮಲಗಿಸಿಟ್ಟರೆ ಬೆನ್ನು ಹುಣ್ಣಾಗುತ್ತೆ, ಕೀಲು ಗಟ್ಟಿಯಾಗುತ್ತೆ. ನೀವು ಹೊರಗೆ ಇರಿ.”

“ವರ್ಷ ಬೇಡ. ಆರು ತಿಂಗಳು?”

ನಾನು ಅವರನ್ನು ಪಕ್ಕಕ್ಕೆ ಸರಿಸಿ ಕೆಲಸ ಶುರುಮಾಡಿದೆ. ಯಜಮಾನರ ಹೆಂಡತಿ ಸೆರಗು ಹೊದ್ದು ಮೂಲೆಯಲ್ಲಿ ನಿಂತಿದ್ದರು. ಭಾವನ ಎದುರಿಗೆ ಆಕೆ ಮಾತಾಡುವವರಲ್ಲ. ಹಲಗೆ ಮೇಲೇಳುತ್ತ ಮೇಲೇಳುತ್ತ ಯಜಮಾನರು ನೆಟ್ಟಗೆ ನಿಂತರು. ಅಣ್ಣ ಒಂದು ಹೆಜ್ಜೆ ಹಿಂದೆ ಸರಿದು, ತಲೆಯೆತ್ತಿ ತಮ್ಮನನ್ನು ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿದ್ದು ನನಗೆ ಕಾಣಿಸಿತು. ಅದನ್ನು ಅವರು ಹೆಗಲ ಟವೆಲಿನಲ್ಲಿ ಒರೆಸಿಕೊಂಡರು.

“ಇವ್ನು ನನಗಿಂತ ಎತ್ತರ ಅನ್ನೋದೇ ಮರ್ತೋಗಿತ್ತು. ಸಾಕು, ಮಲಗಿಸಿಬುಡಿ.”

ಡಾಕ್ಟರ ಕಾಲಿಗೆ ಬಿದ್ದದ್ದು

ಐದನೆಯ ವಾರ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಿದ್ದರು. ಆರನೇ ಮಂಚದ ಮುಂದೆ ನಿಂತು ನನ್ನ ಕೈಯಿಂದ ಫಾರಂ ತೆಗೆದುಕೊಳ್ಳುವಾಗ, ಮಂಚದ ಕೆಳಗಿನಿಂದ ಒಂದು ಬಲಿತ ಕಾಯಿ ತಾನಾಗಿಯೇ ಉರುಳಿಕೊಂಡು ಬಂದು ಅವರ ಬೂಟಿಗೆ ತಾಗಿ ನಿಂತಿತು. ಎಲ್ಲರೂ ಅದನ್ನು ನೋಡಿದೆವು. ಅದರ ಹಿಂದೆಯೇ ಇನ್ನೊಂದು ಬಂತು.

ಬಗ್ಗಿ ನೋಡಿದರೆ ಒಂದು ಗೋಣಿಚೀಲ. ಅದರ ತುಂಬ ಅಟ್ಟದ ಧೂಳು ಮೆತ್ತಿಕೊಂಡ ಕಾಯಿ. ಸೋಂಕು ತಗಲಬಾರದೆಂದು ದಿನಕ್ಕೆ ಮೂರು ಸಲ ನೆಲ ಒರೆಸುವ ಜಾಗ ಅದು. ನನಗೆ ತಲೆಯೇ ಕೆಟ್ಟುಹೋಯಿತು.

“ಏನಮ್ಮ ಇದು? ಇದೇನು ಆಸ್ಪತ್ರೆನಾ, ಕೊಬ್ಬರಿ ಮಂಡಿನಾ?”

ಯಜಮಾನರ ಹೆಂಡತಿ ಮೆಲ್ಲಗೆ ಹೇಳಿದರು. “ಅವ್ರಿಗೆ ಕೇಳಿಸ್ತಿದ್ದೆ ಕಣಮ್ಮ. ಮೊನ್ನೆ ದೇವ್ರಿಗೆ ಒಡೆಯಾನ ಅಂತ ಒಂದು ಕಾಯಿ ಅಲ್ಲಾಡಿಸಿ ನೋಡ್ತಿದ್ದೆ, ಇತ್ತ ತಿರುಗಿದ್ರು. ಅದಕ್ಕೇ ತರಿಸ್ದೆ. ಆಗಿರೋ ಕಾಯಿಗೆ ಸುಮ್ಕಿರ್ತಾರೆ. ಆಗದಿರೋದನ್ನ ಆಗೈತೆ ಅಂದ್ರೆ ಎಡಗೈ ಬೆರಳು ಆಡ್ತದೆ.”

“ಸದ್ದಾದರೆ ಯಾರಿಗಾದರೂ ಕೈ ಅದುರುತ್ತೆ. ಅದಕ್ಕೆ ಅರ್ಥ ಇಲ್ಲ.”

“ಒಂದ್ ಸಲ ನೀವೇ ನೋಡಿ.”

“ಅಮ್ಮ, ನನಗೆ ಇನ್ನೂ ಹನ್ನೊಂದು ಮಂಚ ಇವೆ. ಹೀಗೆಲ್ಲ ಆಸೆ ಇಟ್ಕೊಂಡು ಸುಮ್ಮನೆ ನೋಯಬೇಡಿ.”

ಆಕೆ ವಾದ ಮಾಡಲಿಲ್ಲ. “ಮನೇಲೂ ನನ್ ಮಾತು ಯಾರೂ ಕೇಳಾಕಿಲ್ಲ ಬುಡಿ” ಎಂದು ಸುಮ್ಮನಾದರು. ಹಾಗೆ ಸುಮ್ಮನಾಗುವುದು ಆಕೆಗೆ ಎಷ್ಟು ಅಭ್ಯಾಸವಾಗಿತ್ತು ಎಂಬುದನ್ನು ನಾನು ಆಗ ಗಮನಿಸಲೇ ಇಲ್ಲ. ಆಯಾಳನ್ನು ಕರೆದು ಚೀಲವನ್ನು ಬೆಡ್‌ಶೀಟ್ ಕೋಣೆಗೆ ಹಾಕಿಸಿ, ಮಂಚದ ಕಂಬಿ ಹಿಡಿದುಕೊಂಡು, ಯಜಮಾನರ ಕಿವಿಯಿಂದ ಎರಡಡಿ ದೂರದಲ್ಲಿ ನಿಂತು, ಫಾರಂನಲ್ಲಿ ‘ಇಲ್ಲ’ ಎಂದು ಬರೆದುಕೊಂಡೆ. ಬರೆಯುವಾಗ ಜೋರಾಗಿ ಹೇಳಿಕೊಂಡೇ ಬರೆಯುವ ಅಭ್ಯಾಸ ನನ್ನದು.

ಡಾಕ್ಟರು ಮಾತ್ರ ಕಾಲ ಹತ್ತಿರದ ಕಾಯನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಇಷ್ಟು ವರ್ಷಕ್ಕೆ ಮೊದಲ ಸಲ ಒಬ್ಬ ಪೇಷೆಂಟ್ ಕಡೆಯಿಂದ ನನ್ನನ್ನ ಹುಡುಕಿಕೊಂಡು ಏನೋ ಬಂತು, ಅದನ್ನೂ ಕಿತ್ತುಕೊಂಡ್ರಿ” ಎಂದು ಮುಂದಿನ ಮಂಚಕ್ಕೆ ಹೋದರು.

ಗಡಗಡ, ಕುಲುಕುಲು

ಚೀಲ ಮೂರು ವಾರ ಆ ಕೋಣೆಯಲ್ಲೇ ಇತ್ತು. ನಗಲು ಹೋದಾಗ ನಾನು ಅದರ ಮೇಲೆ ಕೂತಿದ್ದೂ ಇದೆ. ಫಾರಂನಲ್ಲಿ ಎಂಟು ‘ಇಲ್ಲ’ ತುಂಬಿದವು. ಡಾಕ್ಟರು ಕೊನೆಯ ಸಲ ಪರೀಕ್ಷೆ ಮಾಡಿ, ನಿಟ್ಟುಸಿರುಬಿಟ್ಟು, ರುಜು ಹಾಕಿದರು. ಸೋಮವಾರ ಬೆಳಗ್ಗೆ ಮನೆಗೆ ಕರೆದುಕೊಂಡು ಹೋಗಲು ಅಣ್ಣ ಆಂಬುಲೆನ್ಸ್ ತಂದರು. ನಳಿಕೆಯಲ್ಲಿ ಊಟ ಕೊಡುವುದು, ಕಫ ಎಳೆಯುವುದು, ಮಗ್ಗುಲು ಬದಲಿಸುವುದು, ಎಲ್ಲವನ್ನೂ ಯಜಮಾನರ ಹೆಂಡತಿಗೆ ಹೇಳಿಕೊಟ್ಟೆ. ಆಕೆ ಒಂದನ್ನೂ ಎರಡನೆಯ ಸಲ ಕೇಳದೆ ಕಲಿತರು. ಕೊನೆಗೆ ಒಂದೇ ಒಂದು ಮಾತು ಕೇಳಿದರು.

“ನಮ್ ಕಾಯಿ ಕೊಡ್ತೀರಾಮ್ಮ?”

ಆಯಾ ಚೀಲ ತಂದು ಮಂಚದ ಪಕ್ಕದಲ್ಲಿಟ್ಟಳು. ಅಣ್ಣ ಅದರ ಬಾಯಿ ಬಿಚ್ಚಿ ನೋಡಿದರು. ಕಾಯಿ ಕಂಡರೆ ನಮ್ಮ ಕಡೆಯವರ ಕೈ ಸುಮ್ಮನಿರುವುದಿಲ್ಲ. ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು.

“ಆಗೈತೆ” ಎಂದು ಪಕ್ಕಕ್ಕಿಟ್ಟರು. ಇನ್ನೊಂದು ಎತ್ತಿದರು. “ಇದೂ ಆಗೈತೆ.” ಮೂರನೆಯದನ್ನು ಅಲ್ಲಾಡಿಸಿ, “ಇದೂ ಆಗೈತೆ” ಅಂದರು.

ಯಜಮಾನರ ಎಡಗೈ ಹೊದಿಕೆಯ ಮೇಲಿಂದ ಎದ್ದಿತು. ನಾನು ಆ ಕೈಯನ್ನು ಎಂಟು ವಾರ ದಿನಾ ಎತ್ತಿ ಇಳಿಸಿದ್ದೆ. ತಾನಾಗಿ ಎದ್ದಿದ್ದನ್ನು ಎಂದೂ ನೋಡಿರಲಿಲ್ಲ. ಅದು ನಡುಗುತ್ತ ಗಾಳಿಯಲ್ಲಿ ಆ ಕಡೆ ಈ ಕಡೆ ಆಡಿತು. ಇಲ್ಲ, ಇಲ್ಲ.

ಅಣ್ಣನೂ ನೋಡಿದರು. ತಮ್ಮನಿಗೆ ಎಚ್ಚರವಾಯಿತೆಂದು ಅವರು ಕುಣಿದಾಡಬೇಕಿತ್ತು. ಆದರೆ ಅವರಿಗೆ ಬಂದದ್ದು ಕೋಪ.

“ಏನ್ಲಾ ಇಲ್ಲ? ಆಗೈತೆ ಕಣ್ಲಾ.”

ಮತ್ತೆ ಅಲ್ಲಾಡಿಸಿದರು. ಕೈ ಮತ್ತೆ ಆಡಿತು.

“ನೋಡಮ್ಮ, ಗಂಟಲಲ್ಲಿ ನಳಿಕೆ ಮಡಿಕ್ಕಂಡು ನಂದೇ ತಪ್ಪು ಅಂತಾವ್ನೆ” ಎಂದು ನನಗೆ ಹೇಳಿ, ತಮ್ಮನ ಕಡೆ ತಿರುಗಿ, “ಒಡೆದೇ ತೋರುಸ್ತೀನಿ ಇರು” ಎಂದು ಕಾಯಿ ಹಿಡಿದು ಹೊರಗೆ ನಡೆದರು. ಆಂಬುಲೆನ್ಸ್ ಡ್ರೈವರ್ ಹತ್ತಿರ ಕತ್ತಿ ಇರಲಿಲ್ಲ. ಆಸ್ಪತ್ರೆ ಗೇಟಿನ ಎಳನೀರಿನ ಗಾಡಿಯವನಿಂದ ಮಚ್ಚು ತಂದು, ಸಿಪ್ಪೆ ಕೆತ್ತಿಸಿ, ವಾರ್ಡಿನ ಮೆಟ್ಟಿಲಿನ ಮೇಲೆ ಕುಟ್ಟಿದರು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು, ಡಾಕ್ಟರೂ ಬಂದಿದ್ದರು. ಚಿಪ್ಪು ಎರಡಾಯಿತು. ಒಳಗಿನಿಂದ ನೀರು ಮೆಟ್ಟಿಲಿನ ಮೇಲೆ ಹರಿಯಿತು. ಹೆಚ್ಚಿಲ್ಲ, ಒಂದು ಸೌಟಿನಷ್ಟು.

ಅಣ್ಣ ಆ ನೀರನ್ನು ನೋಡುತ್ತ ಅಲ್ಲೇ ಕೂತುಬಿಟ್ಟರು. ಆಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. “ಮಲಗಿದ್ರೂ ಗೆಲ್ತಾನಲ್ರೀ ಇವ್ನು” ಅಂದರು.

ಆಂಬುಲೆನ್ಸ್ ಖಾಲಿ ಹೋಯಿತು. ಡಾಕ್ಟರು ಫಾರಂ ತರಿಸಿ, ತಮ್ಮ ರುಜು ಹೊಡೆದುಹಾಕಿ, ಹೊಸದಾಗಿ ಬರೆಸಿದರು: ‘ವೈದ್ಯರು ಹೇಳಿದ್ದಕ್ಕೆ ಪ್ರತಿಕ್ರಿಯೆ ಇಲ್ಲ. ಅಣ್ಣ ಹೇಳಿದ್ದಕ್ಕೆ ಇದೆ.’ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಮೂರು ವಾರ ಮುಂಚೆ ಗೊತ್ತಾಗಿದ್ದರೆ ಒಳ್ಳೆಯದಿತ್ತು” ಅಂದರು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಎದುರು ಹೇಳಿ ಹಗುರವಾಗುತ್ತಿದ್ದೆ.

ಆ ಮೂರು ವಾರ ಯಜಮಾನರು ಒಳಗೆ ಎಚ್ಚರವಾಗಿದ್ದರು, ಸಂಶಯವಿಲ್ಲ. ನಾನು ಅವರ ಕಿವಿಯ ಪಕ್ಕದಲ್ಲೇ ಜೋರಾಗಿ ‘ಇಲ್ಲ’ ಅಂದದ್ದನ್ನು ಅವರು ಕೇಳಿಸಿಕೊಂಡಿದ್ದರು. ಹಾಗಲ್ಲ ಎಂದು ಹೇಳಲು ಅವರಿಗಿದ್ದದ್ದು ಒಂದೇ ದಾರಿ, ಅದಕ್ಕೆ ನಾನು ಬೀಗ ಹಾಕಿದ್ದೆ. ನಾನು ಯಜಮಾನರ ಹೆಂಡತಿಯ ಹತ್ತಿರ ಹೋಗಿ ತಪ್ಪಾಯಿತು ಎಂದು ಹೇಳಿದೆ. ಆಕೆ, “ಇರ್ಲಿ ಬುಡಿ, ನೀವೇನ್ ಬೇಕಂತ ಮಾಡಿದ್ರಾ” ಅಂದು ನನಗೇ ಕಾಫಿ ತರಿಸಿದರು. ಆ ಕಾಫಿ ನನಗೆ ಕುಡಿಯಲಾಗಲಿಲ್ಲ.

ಆಮೇಲೆ ಪಾಠ ಕಾಯಿಯಿಂದಲೇ ಶುರುವಾಯಿತು. ಕಾಯಿ ಆಗಿದ್ದರೆ ಒಂದು ಬೆರಳು, ಆಗದಿದ್ದರೆ ಎರಡು. ಆ ಬೆರಳುಗಳಿಂದಲೇ ಹೌದು, ಅಲ್ಲ, ನೋವು, ಸಾಕು ಎಲ್ಲ ಬಂದವು. ಎರಡು ತಿಂಗಳಾದ ಮೇಲೆ ಗಂಟಲ ನಳಿಕೆ ತೆಗೆದು ತೂತಿಗೆ ಪಟ್ಟಿ ಹಾಕಿದೆವು. ಮೊದಲ ಮಾತು ಏನಿರಬಹುದೆಂದು ವಾರ್ಡಿಗೆ ವಾರ್ಡೇ ಕಾಯುತ್ತಿತ್ತು. ಕೆಲವರು ಶಿವನ ಹೆಸರು ಅಂದರು. ಅಣ್ಣ, “ನನಗೆ ಬೈಗುಳವೇ” ಅಂದರು.

ನಾನು ಒಂದು ಕಾಯನ್ನು ಚೆನ್ನಾಗಿ ತೊಳೆದು, ಒರೆಸಿ ತಂದಿದ್ದೆ. ಗಾಲಿಕುರ್ಚಿಯ ಮುಂದೆ ಕೂತು, ಅವರ ಕಿವಿಯ ಹತ್ತಿರ ಅಲ್ಲಾಡಿಸಿದೆ.

“ಯಜಮಾನ್ರೇ, ಇದು ಆಗಿದೆ ಅಂತೀನಿ ನಾನು. ನೀವೇನಂತೀರಿ?”

ಅವರು ನನ್ನನ್ನು ನೋಡಿದರು. ತುಟಿ ಆಡಿತು, ದನಿ ಬರಲಿಲ್ಲ. ಮತ್ತೆ ಆಡಿತು. ಎಡಗೈ ಎತ್ತಿ ಕುರ್ಚಿಯ ಹಿಂದೆ ಸೆರಗು ಹೊದ್ದು ನಿಂತಿದ್ದ ಹೆಂಡತಿಯ ಕಡೆ ತೋರಿಸಿ, ಒಡಕು ದನಿಯಲ್ಲಿ ಹೇಳಿದರು.

“ಅವ್ಳ್ನ ಕೇಳು.”

ನಾನು ತಲೆ ತಗ್ಗಿಸಿದೆ, ಅಣ್ಣ ಕಿಟಕಿಯ ಕಡೆ ನೋಡಿದರು. ಯಜಮಾನರ ಹೆಂಡತಿ ಭಾವನ ಎದುರಿಗೇ ಸೆರಗು ಹಿಂದಕ್ಕೆ ಸರಿಸಿ, ನನ್ನ ಕೈಯಿಂದ ಕಾಯಿ ತೆಗೆದುಕೊಂಡು, ಕಿವಿಗೆ ಹಿಡಿದು ಒಂದೇ ಸಲ ಅಲ್ಲಾಡಿಸಿದರು.

“ಆಗಿಲ್ಲ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಮದ್ವೆಯಾಗಿ ನಲವತ್ತು ವರ್ಷ ಆಯ್ತು ಕಣಮ್ಮ. ಈ ಒಂದು ಮಾತು ಇವ್ರ ಬಾಯಲ್ಲಿ ಬರ್ಸೋಕೆ ಗಂಟಲಿಗೆ ತೂತು ಮಾಡ್ಬೇಕಾಯ್ತು ನೋಡು” ಅಂದರು.

ವಾರ್ಡೆಲ್ಲ ನಕ್ಕಿತು. ನಾನು ಎಂದಿನಂತೆ ಬೆಡ್‌ಶೀಟ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ, ಆದರೆ ಅವತ್ತು ನಗು ಬರಲಿಲ್ಲ.